ಕಣ್ಣೀರು: ಮನುಷ್ಯನದೆಷ್ಟು, ಮೂಕಪ್ರಾಣಿಯದೆಷ್ಟು?

ಕಳೆದ ಸುಗ್ಗಿಯ ದಿನಗಳಲ್ಲಿ ಚನ್ನರಾಯಪಟ್ಟಣದ ಕಡೆಯ ಭಕ್ತರೊಬ್ಬರ ಮನೆಗೆ ಶ್ರೀಗಳೊಂದಿಗೆ ನಾವೂ ಹೋಗಿದ್ದೆವು. ಆ ಮನೆಯ ಹಸುವಿನ ಕರು ಹುಟ್ಟಿದ ಎಂಟನೆಯ ದಿನ ತೀರಿಕೊಂಡಿತ್ತು. ಕೊಟ್ಟಿಗೆಯಲ್ಲಿ ನಿಂತಿದ್ದ ಹಸುವಿನ ಎಡಗಣ್ಣಿನಿಂದ ನೀರು ಧಾರೆಯಾಗಿ ಇಳಿದು ಕೆನ್ನೆಯ ಕೂದಲು ಒದ್ದೆಯಾಗಿತ್ತು. ಮನೆಯ ಹಿರಿಯ ತಾಯಿ ಕೈಮುಗಿದು, “ಬುದ್ಧೀ, ತಾಯಿ ಕರುಳು, ಮೂರು ದಿನದಿಂದ ಅಳ್ತಾನೇ ಐತೆ ನೋಡಿ” ಎಂದರು. ನೆರೆಮನೆಯವರೂ ಬಂದು ನೋಡಿ ಮರುಗಿದ್ದರು. ನಾವೂ ಮರುಗಿದೆವು. ನೀರು ಒಂದೇ ಕಣ್ಣಿನಿಂದ ಬರುತ್ತಿದೆ ಎಂಬುದು ಅಲ್ಲಿದ್ದ ನಮ್ಮಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ಬೇರೆ ಹಸುವಿಗೆ ಗರ್ಭಧಾರಣೆ ಮಾಡಿಸಲು ಬಂದ ಪಶುವೈದ್ಯರು ಈ ಹಸುವನ್ನೂ ಕಂಡರು. ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಮಗುಚಿ, ಒಳಗೆ ಸಿಕ್ಕಿಕೊಂಡಿದ್ದ ಒಣಹುಲ್ಲಿನ ಮೊನಚಾದ ಚೂರೊಂದನ್ನು ಹೊರತೆಗೆದರು. ಅಷ್ಟರಲ್ಲಿ ಕಪ್ಪುಗುಡ್ಡೆಯ ಮೇಲೆ ಗಾಯವಾಗಿ, ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ, ಹೂವು ಬೀಳಲು ಆರಂಭವಾಗಿತ್ತು. ಹಸುವಿಗೆ ದುಃಖವಿತ್ತೇ? ಇದ್ದೇ ಇತ್ತು. ಆದರೆ ಆ ಕಣ್ಣೀರು ದುಃಖದ್ದಾಗಿರಲಿಲ್ಲ. ಈ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಲು ಬಾರದೆ ನಾಲ್ಕು ದಿನಗಳು ಕಳೆದುಹೋದವು. ಈ ಲೇಖನಕ್ಕೆ ಅದೇ ಕಾರಣ.

ಮೊದಲು ಕಣ್ಣೀರು ಎಂಬುದು ಏನೆಂದು ತಿಳಿಯೋಣ. ನಾವು ಅಳದೆ ಇರುವಾಗಲೂ ನಮ್ಮ ಕಣ್ಣು ಸದಾ ಒದ್ದೆಯಾಗಿಯೇ ಇರುತ್ತದೆ. ಹುಬ್ಬಿನ ಕೆಳಗೆ, ಕಣ್ಣಿನ ಹೊರಮೂಲೆಯ ಮೇಲ್ಭಾಗದಲ್ಲಿ ಬಾದಾಮಿಯ ಆಕಾರದ ಅಶ್ರುಗ್ರಂಥಿಯೊಂದು ಇದೆ. ಇದೂ, ರೆಪ್ಪೆಗಳ ಒಳಮೈಯಲ್ಲಿರುವ ಇನ್ನೂ ಚಿಕ್ಕ ಗ್ರಂಥಿಗಳೂ ಸೇರಿ ಕಣ್ಣಿನ ಮೇಲೆ ತೆಳುವಾದ ನೀರಿನ ಪದರವೊಂದನ್ನು ಹಗಲಿಡೀ ಹೊದಿಸುತ್ತವೆ. ಆ ನೀರು ಕಣ್ಣಿಗೆ ಅಂಟಿಕೊಳ್ಳಲು ಅದರಡಿಯಲ್ಲಿ ಲೋಳೆಯಂಥ ಪದರವಿದೆ. ಬಿಸಿಲಿಗೆ ಬೇಗ ಆರದಿರಲು ಅದರ ಮೇಲೆ ಎಣ್ಣೆಯ ಪದರವಿದೆ. ರೆಪ್ಪೆ ಬಡಿದಾಗಲೆಲ್ಲ ಈ ಹೊದಿಕೆ ಹೊಸದಾಗುತ್ತದೆ. ಬಳಸಿದ ನೀರು ರೆಪ್ಪೆಗಳ ಒಳತುದಿಯಲ್ಲಿರುವ ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳ ಮೂಲಕ ಇಳಿದು ಮೂಗನ್ನು ಸೇರುತ್ತದೆ. ಅತ್ತಾಗ ಮೂಗು ಸುರಿಯುವುದು ಇದರಿಂದಲೇ. ಕಣ್ಣಿಗೆ ಔಷಧದ ಹನಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಕಾಣುವುದಕ್ಕೂ ಇದೇ ದಾರಿ ಕಾರಣ.

ಈ ನೀರು ಬರಿಯ ನೀರಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರನ್ನು ಎಲ್ಲರೂ ಕೇಳಿರುತ್ತೇವೆ. ಅದಕ್ಕೂ ಆರು ವರ್ಷ ಮೊದಲು, 1922ರಲ್ಲಿ, ಅವರು ಲೈಸೋಜೈಮ್ ಎಂಬ ಇನ್ನೊಂದು ವಸ್ತುವನ್ನು ಲೋಕಕ್ಕೆ ಪರಿಚಯಿಸಿದ್ದರು. ಅದು ರೋಗಾಣುಗಳ ಹೊರಗೋಡೆಯನ್ನು ಕರಗಿಸಬಲ್ಲುದು, ಮತ್ತು ನಮ್ಮ ಕಣ್ಣೀರಿನಲ್ಲಿ ಯಥೇಚ್ಛವಾಗಿದೆ. ಪ್ರಯೋಗಕ್ಕೆ ಬೇಕಾದ ಕಣ್ಣೀರಿಗಾಗಿ ಫ್ಲೆಮಿಂಗ್ ತಮ್ಮ ಸಹೋದ್ಯೋಗಿಗಳ ಕಣ್ಣಿಗೆ ನಿಂಬೆಯ ರಸ ಹಿಂಡುತ್ತಿದ್ದರೆಂಬುದು ವಿಜ್ಞಾನದ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ಜ್ಞಾನಕ್ಕಾಗಿ ಅತ್ತವರ ಸಾಲಿನಲ್ಲಿ ಆ ಸಹೋದ್ಯೋಗಿಗಳನ್ನೂ ಸೇರಿಸಬೇಕು.

ಎರಡನೆಯ ಬಗೆಯ ಕಣ್ಣೀರು ನಿಂಬೆಯ ರಸ ಬಿದ್ದಾಗ ಬಂದದ್ದೇ. ಕಣ್ಣಿಗೆ ತೊಂದರೆ ಕೊಡುವ ಏನೇ ಬಿದ್ದರೂ ಅದನ್ನು ತೊಳೆದು ಹಾಕಲು ಗ್ರಂಥಿಯು ಒಮ್ಮೆಗೇ ಹೆಚ್ಚು ನೀರನ್ನು ಸುರಿಸುತ್ತದೆ. ಈರುಳ್ಳಿಯನ್ನು ಹೆಚ್ಚಿದಾಗ ಅದರ ಒಡೆದ ಕೋಶಗಳಿಂದ ಗಂಧಕದ ಅಂಶವುಳ್ಳ ಅನಿಲವೊಂದು ಹೊರಟು ಕಣ್ಣನ್ನು ಉರಿಸುತ್ತದೆ. ಆ ಅನಿಲ ಹುಟ್ಟಲು ಕಾರಣವಾದ ಕಿಣ್ವವನ್ನು ಜಪಾನಿನ ಸಂಶೋಧಕರು 2002ರಲ್ಲಿ ಗುರುತಿಸಿದರು. ಅರಕಲಗೂಡು ತಾಲ್ಲೂಕಿನಲ್ಲಿ ತಂಬಾಕು ಹದ ಮಾಡುವ ಬ್ಯಾರನ್‌ಗಳ ಮುಂದೆ ರಾತ್ರಿಯಿಡೀ ಸೌದೆ ಒಟ್ಟುವವರಿಗೆ, ಹೊಳೆನರಸೀಪುರದ ಕಡೆ ನಾಲೆಯ ಬಯಲಿನಲ್ಲಿ ಭತ್ತ ಬಡಿಯುವವರಿಗೆ, ರಾಗಿ ತೂರುವವರಿಗೆ ಈ ಬಗೆಯ ಕಣ್ಣೀರಿನ ಪರಿಚಯ ಯಾವ ಪುಸ್ತಕವೂ ಮಾಡಿಕೊಡಬೇಕಾಗಿಲ್ಲ.

ಈ ಎರಡು ಬಗೆಯ ಕಣ್ಣೀರು ಹಸು, ಎಮ್ಮೆ, ನಾಯಿ, ಕುದುರೆಗಳಿಗೂ ಉಂಟು. ಮೂರನೆಯ ಬಗೆಯದು ಮನಸ್ಸಿನ ಕಣ್ಣೀರು. ಹೊರಗಿನಿಂದ ಕಣ್ಣಿಗೆ ಏನೂ ಬಿದ್ದಿರುವುದಿಲ್ಲ. ಒಂದು ಸುದ್ದಿ, ಒಂದು ನೆನಪು, ಮಗಳನ್ನು ಧಾರೆಯೆರೆದು ಕಳುಹಿಸುವ ಒಂದು ಗಳಿಗೆ ಸಾಕು. ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಗಳಿಂದ ಹೊರಟ ಸಂದೇಶವು ಹೈಪೋಥಲಾಮಸ್ ಹಾಗೂ ಮಿದುಳಿನ ಕಾಂಡವನ್ನು ಹಾದು, ಮುಖದ ನರದ ಜೊತೆ ಸಾಗಿ ಅಶ್ರುಗ್ರಂಥಿಯನ್ನು ಮುಟ್ಟುತ್ತದೆ. ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ, ಕಣ್ಣು ತುಂಬುತ್ತದೆ.

ಈ ಶಕ್ತಿ ಮನುಷ್ಯನಿಗೂ ಹುಟ್ಟುತ್ತಲೇ ಬರುವುದಿಲ್ಲವೆಂಬುದು ಸೋಜಿಗ. ಹಸುಗೂಸು ಕಿರುಚಿ ಅಳುತ್ತದೆ, ಆದರೆ ಮೊದಲ ಕೆಲವು ವಾರಗಳಲ್ಲಿ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ, ಮನುಷ್ಯ ಹಾಗೂ ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ತಮ್ಮ ಮನೆಯದೇ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. 77 ದಿನಗಳ ಕೂಸಿನ ಕಣ್ಣಿಗೆ ಅವರ ಕೋಟಿನ ತೋಳು ಅಕಸ್ಮಾತ್ತಾಗಿ ತಗುಲಿತು. ಮಗು ಜೋರಾಗಿ ಅತ್ತಿತು. ತಗುಲಿದ ಕಣ್ಣಿನಿಂದ ನೀರು ಸುರಿಯಿತು. ಇನ್ನೊಂದು ಕಣ್ಣು ಒಣಗಿಯೇ ಇತ್ತು. ಅಂದರೆ ತೊಳೆಯುವ ಕಣ್ಣೀರು ಮೊದಲು ಸಿದ್ಧವಾಗುತ್ತದೆ, ಮನಸ್ಸಿನ ಕಣ್ಣೀರು ಆಮೇಲೆ ಬರುತ್ತದೆ. ನಾವು ಕೊಟ್ಟಿಗೆಯಲ್ಲಿ ಗಮನಿಸದೆ ಹೋದ ಸೂಕ್ಷ್ಮವನ್ನು ಆ ತಂದೆ ತನ್ನ ತೊಟ್ಟಿಲ ಬಳಿ ಗಮನಿಸಿದ್ದರು.

ಡಾರ್ವಿನ್‌ರನ್ನು ಕಾಡಿದ ಇನ್ನೊಂದು ಪ್ರಶ್ನೆ ಆನೆಯದು. ಸಿಂಹಳದಲ್ಲಿ ಸೆರೆಹಿಡಿದು ಕಟ್ಟಿಹಾಕಿದ ಆನೆಗಳು ನೆಲದ ಮೇಲೆ ಅಲುಗಾಡದೆ ಬಿದ್ದು ಕಣ್ಣೀರು ಸುರಿಸುತ್ತಿದ್ದವೆಂದು ಟೆನೆಂಟ್ ಎಂಬ ಆಂಗ್ಲ ಅಧಿಕಾರಿ ಬರೆದಿದ್ದುದನ್ನು ಅವರು ಉಲ್ಲೇಖಿಸುತ್ತಾರೆ. ಹಾಸನ ಜಿಲ್ಲೆಯವರಾದ ನಮಗೆ ಆನೆಯ ವಿಷಯ ಪುಸ್ತಕದ್ದಲ್ಲ. 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಗಳಿಗೆ ರೇಡಿಯೊ ಕಾಲರ್ ತೊಡಿಸುವ ಕಾರ್ಯಾಚರಣೆಯ ನಡುವೆ, ಕಾಡಾನೆಯೊಂದರ ದಾಳಿಗೆ ಸಿಲುಕಿ ದಸರಾ ಆನೆ ಅರ್ಜುನ ಮಡಿದನು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾಗಿದ್ದ ಆ ಆನೆ 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರಿನ ಚಿನ್ನದ ಅಂಬಾರಿಯನ್ನು ಹೊತ್ತಿತ್ತು. ಅದನ್ನು ಮಣ್ಣು ಮಾಡುವಾಗ ಮಾವುತನೂ, ನೋಡಲು ಬಂದ ಊರಿನ ಜನರೂ ಅತ್ತದ್ದನ್ನು ನಾಡು ಕಂಡಿತು.

ಇಂಥ ಸಂದರ್ಭಗಳಲ್ಲೆಲ್ಲ ‘ಜೊತೆಯ ಆನೆಗಳೂ ಕಣ್ಣೀರಿಟ್ಟವು’ ಎಂಬ ಮಾತು ಹರಡುವುದು ಸಹಜ. ಆದರೆ ಆನೆಯ ಕಣ್ಣಿನ ರಚನೆಯೇ ಬೇರೆ. ಮನುಷ್ಯನಿಗಿರುವಂಥ ಅಶ್ರುಗ್ರಂಥಿಯಾಗಲಿ, ನೀರನ್ನು ಮೂಗಿಗೆ ಇಳಿಸುವ ನಾಳವಾಗಲಿ ಅದಕ್ಕೆ ಇಲ್ಲ. ಹಾರ್ಡೇರಿಯನ್ ಎಂಬ ಬೇರೊಂದು ಗ್ರಂಥಿ ಕಣ್ಣನ್ನು ತೇವವಾಗಿಡುತ್ತದೆ. ಇಳಿದುಹೋಗಲು ದಾರಿಯಿಲ್ಲದ ಆ ದ್ರವ ಕೆನ್ನೆಯ ಮೇಲೆಯೇ ಹರಿಯುತ್ತದೆ. ಸಂತೋಷದಿಂದ ಕಬ್ಬು ಮೆಲ್ಲುತ್ತಿರುವ ಆನೆಯ ಕೆನ್ನೆಯೂ ಒದ್ದೆಯಾಗಿರುವುದು ಈ ಕಾರಣದಿಂದ. ಕಣ್ಣು ಮತ್ತು ಕಿವಿಯ ನಡುವೆ ಸೋರುವ ಮದಜಲವು ಕಣ್ಣೀರಲ್ಲವೇ ಅಲ್ಲ, ಅದರ ಗ್ರಂಥಿ ಬೇರೆ. ಇಷ್ಟು ಹೇಳಿದ ಮಾತ್ರಕ್ಕೆ ಆನೆಗೆ ಶೋಕವಿಲ್ಲವೆಂದು ಅರ್ಥವಲ್ಲ. ಸತ್ತ ಮರಿಯನ್ನು ಬಿಟ್ಟು ಕದಲದ ತಾಯಿ, ಒಡನಾಡಿಯ ಮೂಳೆಗಳನ್ನು ಸೊಂಡಿಲಿನಿಂದ ನಿಧಾನವಾಗಿ ಮುಟ್ಟಿನೋಡುವ ಹಿಂಡು, ಇವನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಆನೆಯ ದುಃಖವನ್ನು ಅದರ ಸೊಂಡಿಲಿನಲ್ಲಿ, ನಡಿಗೆಯಲ್ಲಿ, ಮೌನದಲ್ಲಿ ನೋಡಬೇಕೇ ಹೊರತು ಕೆನ್ನೆಯ ಮೇಲಿನ ಗೆರೆಯಲ್ಲಲ್ಲ.

ಉಳಿದ ಜೀವಿಗಳ ಕತೆಯನ್ನು ಬೇಗನೆ ಹೇಳಿಬಿಡಬಹುದು. ಮೊಸಳೆಯ ಜಾತಿಯ ಪ್ರಾಣಿಗಳು ತಿನ್ನುವಾಗ ನಿಜವಾಗಿಯೂ ಕಣ್ಣಿನಲ್ಲಿ ನೀರು ನೊರೆಯಾಡಿಸುತ್ತವೆಂದು ಅಮೆರಿಕದ ಫ್ಲಾರಿಡಾದಲ್ಲಿ 2007ರಲ್ಲಿ ವರದಿಯಾಯಿತು. ಅದು ಕಪಟವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ. ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವ ಕಡಲಾಮೆ ಹೆರಿಗೆಯ ನೋವಿಗೆ ಅಳುವಂತೆ ಕಾಣುತ್ತದೆ. ಅದು ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಯ ಮೂಲಕ ಹೊರಹಾಕುತ್ತಿರುತ್ತದೆ, ನೀರಿನಲ್ಲಿರುವಾಗಲೂ ಹಾಗೆಯೇ ಮಾಡುತ್ತದೆ. ಇಲಿಗಳ ಕಣ್ಣೀರಿನಲ್ಲಿ ಗಂಡಿನಿಂದ ಹೆಣ್ಣಿಗೆ ತಲುಪುವ ರಾಸಾಯನಿಕ ಸಂದೇಶಗಳಿರುವುದು ಕಂಡುಬಂದಿದೆ. ನಾಯಿಯ ವಿಷಯ ಮಾತ್ರ ನಮ್ಮನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ಹಲವು ಗಂಟೆಗಳ ಅಗಲಿಕೆಯ ನಂತರ ಒಡೆಯನನ್ನು ಕಂಡ ನಾಯಿಗಳ ಕಣ್ಣಿನ ನೀರು ಹೆಚ್ಚುತ್ತದೆಂದು ಜಪಾನಿನ ಸಂಶೋಧಕರು 2022ರಲ್ಲಿ ಕಾಗದದ ಪಟ್ಟಿಗಳಿಂದ ಅಳೆದು ತೋರಿಸಿದರು. ಕೆನ್ನೆಗೆ ಇಳಿಯುವಷ್ಟಲ್ಲ, ಕಣ್ಣು ಹೊಳೆಯುವಷ್ಟು. ಒಂದೇ ಅಧ್ಯಯನವನ್ನು ನೆಚ್ಚಿ ‘ನಾಯಿ ಆನಂದಬಾಷ್ಪ ಸುರಿಸುತ್ತದೆ’ ಎನ್ನಲಾಗದು. ಇಲ್ಲವೆಂದು ಬಾಗಿಲು ಹಾಕುವುದೂ ಸರಿಯಲ್ಲ.

ಹಾಗಾದರೆ ಪ್ರಾಣಿಗಳು ಅಳುವುದೇ ಇಲ್ಲವೇ? ಅಳುತ್ತವೆ, ದನಿಯಿಂದ ಅಳುತ್ತವೆ. ತಾಯಿಯಿಂದ ಬೇರೆಯಾದ ಮರಿ ಕೂಗುವುದು, ಆ ಕೂಗಿಗೆ ತಾಯಿ ಓಗೊಡುವುದು ಸಸ್ತನಿಗಳಲ್ಲೆಲ್ಲ ಕಾಣುವ ಅತ್ಯಂತ ಹಳೆಯ ಭಾಷೆ. ನಮ್ಮ ಕೂಸಿನ ಅಳುವೂ ಆ ಭಾಷೆಯದೇ. ಹಸುವಿನಲ್ಲಿ ಇದು ಬಹಳ ಸ್ಪಷ್ಟ. ಕರು ಬಳಿಯಲ್ಲಿದ್ದಾಗ ಹಸು ಬಾಯಿ ತೆರೆಯದೆ ತಗ್ಗಿದ ದನಿಯಲ್ಲಿ ಗುನುಗುತ್ತದೆ. ಕಣ್ಮರೆಯಾದಾಗ ಬಾಯ್ತೆರೆದು ಎತ್ತರದ ದನಿಯಲ್ಲಿ ಕೂಗುತ್ತದೆ. ಒಂದೊಂದು ಹಸುವಿನ ದನಿಯೂ ಬೇರೆ ಬೇರೆ ಎಂಬುದನ್ನು ಇಂಗ್ಲೆಂಡಿನ ಸಂಶೋಧಕರು ಧ್ವನಿಮುದ್ರಿಸಿ ಅಳೆದು ನೋಡಿದ್ದಾರೆ. ಪುಣ್ಯಕೋಟಿಯ ಕತೆಯನ್ನು ಕೇಳುತ್ತ ಬೆಳೆದ ನಮಗೆ ಇದು ಹೊಸದೆನಿಸದು. ಕರು ಸತ್ತ ಹಸು ಮೇವು ಬಿಡುತ್ತದೆ, ಕರು ಮಲಗುತ್ತಿದ್ದ ಜಾಗವನ್ನು ಮೂಸುತ್ತದೆ, ಹಾಲು ಇಳಿಸುವುದಿಲ್ಲ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದ ಹಿಂದಿನವರಿಗೆ ಈ ದುಃಖದ ಗುರುತು ಚೆನ್ನಾಗಿಯೇ ಇತ್ತು. ಆ ಉಪಾಯ ನಮಗೆ ಹಿಡಿಸದು, ಆದರೆ ಅದರ ಹಿಂದಿನ ತಿಳಿವಳಿಕೆ ಸುಳ್ಳಲ್ಲ.

ಆದುದರಿಂದ ದನದ ಕಣ್ಣಿನಲ್ಲಿ ನೀರು ಸುರಿಯುತ್ತಿದ್ದರೆ ಅದನ್ನು ಕಾಯಿಲೆಯೆಂದೇ ಮೊದಲು ಎಣಿಸಬೇಕು. ಒಂದೇ ಕಣ್ಣಾದರೆ ಹುಲ್ಲಿನ ಚೂರು, ಕೊಂಬಿನ ತಿವಿತ, ಚಾಟಿಯ ಏಟು, ಕಣ್ಣಿನ ಹುಳು, ಇಲ್ಲವೆ ರೆಪ್ಪೆಯ ಬಳಿ ಬೆಳೆಯುತ್ತಿರುವ ಗಂತಿ ಇರಬಹುದು. ಕಣ್ಣು ಕೆಂಪಾಗಿ, ಬಿಸಿಲಿಗೆ ಮುಚ್ಚಿಕೊಂಡು, ಒಂದರಿಂದ ಇನ್ನೊಂದು ದನಕ್ಕೆ ಹರಡುತ್ತಿದ್ದರೆ ಅದು ನೊಣಗಳು ಹೊತ್ತು ತರುವ ಸೋಂಕು. ಎರಡೂ ಕಣ್ಣುಗಳಲ್ಲಿ ನೀರಿದ್ದು ಜ್ವರ, ಕುಂಟುವಿಕೆ ಕಂಡರೆ ಮೂರು ದಿನದ ಜ್ವರವಿರಬಹುದು. ಮಿಶ್ರತಳಿಯ ಹಸುವಿನಲ್ಲಿ ಜ್ವರದ ಜೊತೆ ಗಂಟುಗಳು ಊದಿದ್ದರೆ ಉಣ್ಣೆಯಿಂದ ಹರಡುವ ಥೈಲೇರಿಯಾ ಇರಬಹುದು. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗದಲ್ಲಿಯೂ ಕಣ್ಣು ಮೂಗುಗಳಲ್ಲಿ ನೀರು ಸುರಿಯುವುದೇ ಮೊದಲ ಲಕ್ಷಣಗಳಲ್ಲೊಂದು. ಬೂಕನಬೆಟ್ಟದ ಜಾತ್ರೆಯಲ್ಲಿ, ರಾಮನಾಥಪುರದ ಜಾತ್ರೆಯಲ್ಲಿ ಮಾರಾಟವಾದ ಎತ್ತು ಹಳೆಯ ಒಡೆಯನನ್ನು ನೋಡಿ ಕಣ್ಣೀರಿಟ್ಟಿತೆಂದು ಹೇಳುವವರಿದ್ದಾರೆ. ಜಾತ್ರೆಯ ಧೂಳು, ವಾಹನದಲ್ಲಿ ಎದುರುಗಾಳಿಗೆ ನಿಂತು ಬಂದ ಪ್ರಯಾಣ, ನೊಣಗಳ ಮುತ್ತಿಗೆ, ಇಷ್ಟನ್ನು ಒಮ್ಮೆ ನೆನೆಯಬೇಕು. ಕೊಂಡವರು ಮನೆಗೆ ಬಂದ ದಿನವೇ ಆ ಕಣ್ಣನ್ನು ಬೆಳಕಿನಲ್ಲಿ ನೋಡುವುದು ಲೇಸು.

ಕೆಲವೆಡೆ ಉಪ್ಪನ್ನೋ ಎಲೆಯಡಿಕೆಯನ್ನೋ ಅಗಿದು ದನದ ಕಣ್ಣಿಗೆ ಉಗುಳುವ ರೂಢಿ ಇನ್ನೂ ಇದೆ. ಗಾಯವಾದ ಕಣ್ಣಿಗೆ ಇದರಿಂದ ಆಗುವ ಹಾನಿ ದೊಡ್ಡದು. ಕುದಿಸಿ ಆರಿಸಿದ ನೀರಿನಿಂದ ಮೆಲ್ಲನೆ ತೊಳೆದು ಪಶುವೈದ್ಯರನ್ನು ಕರೆಯಿರಿ. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಕಾಯಿಲೆ ಜಟಿಲವಾದರೆ ಹಾಸನದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ.

ಇನ್ನು ಮನುಷ್ಯರ ಮಾತು. ಮನುಷ್ಯರಲ್ಲಿಯೂ ಕಣ್ಣಿನ ನೀರೆಲ್ಲ ಅಳುವಲ್ಲ. ಹುಟ್ಟಿದ ಮಗುವಿನ ಒಂದು ಕಣ್ಣಿನಲ್ಲಿ ಸದಾ ನೀರು, ಪಿಸುರು ಕಂಡರೆ ಮೂಗಿಗೆ ಇಳಿಯುವ ನಾಳ ಇನ್ನೂ ತೆರೆದಿರುವುದಿಲ್ಲ. ವೈದ್ಯರು ತೋರಿಸಿಕೊಟ್ಟಂತೆ ಕಣ್ಣಿನ ಒಳಮೂಲೆಯನ್ನು ನೀವುತ್ತಿದ್ದರೆ ಹೆಚ್ಚಿನ ಮಕ್ಕಳಿಗೆ ವರ್ಷದೊಳಗೆ ಸರಿಹೋಗುತ್ತದೆ. ಅಂಥ ಕಣ್ಣಿಗೆ ಕಾಡಿಗೆ ತೀಡಬಾರದು, ಎದೆಹಾಲನ್ನೂ ಹಾಕಬಾರದು. ಆದರೆ ನೀರಿನ ಜೊತೆಗೆ ಮಗು ಬೆಳಕಿಗೆ ಕಣ್ಣು ತೆರೆಯದಿದ್ದರೆ, ಕಪ್ಪುಗುಡ್ಡೆ ಸಾಮಾನ್ಯಕ್ಕಿಂತ ದೊಡ್ಡದಾಗಿಯೋ ಮಸುಕಾಗಿಯೋ ತೋರಿದರೆ ಒಂದು ದಿನವೂ ತಡೆಯದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಅದು ಕಣ್ಣಿನೊಳಗಿನ ಒತ್ತಡದ ಕಾಯಿಲೆಯಾಗಿದ್ದು ದೃಷ್ಟಿಯನ್ನೇ ಕಸಿಯಬಲ್ಲುದು. ವಯಸ್ಸಾದವರಲ್ಲಿ ಕಣ್ಣು ಒಣಗುವುದರಿಂದಲೇ ನೀರು ಸುರಿಯುವುದುಂಟು. ಕೇಳಲು ವಿಚಿತ್ರವೆನಿಸಿದರೂ ಒಣಗಿದ ಕಣ್ಣು ಉರಿಯುತ್ತದೆ, ಉರಿದ ಕಣ್ಣನ್ನು ತೊಳೆಯಲು ಗ್ರಂಥಿ ನೀರು ಸುರಿಸುತ್ತದೆ. ಭತ್ತದ ಹೊಟ್ಟು, ಕಬ್ಬಿನ ಗರಿ ತಾಗಿದ ಕಣ್ಣು ಮರುದಿನವೂ ನೋಯುತ್ತಿದ್ದರೆ ಔಷಧದ ಅಂಗಡಿಯಲ್ಲಿ ಕೇಳಿ ಹನಿ ತಂದು ಹಾಕಿಕೊಳ್ಳಬೇಡಿ. ಇಂಥ ಗಾಯಗಳಲ್ಲಿ ಶಿಲೀಂಧ್ರದ ಸೋಂಕು ಸಾಮಾನ್ಯ. ಸ್ಟಿರಾಯ್ಡ್ ಇರುವ ಹನಿ ಅದನ್ನು ಬೆಂಕಿಗೆ ತುಪ್ಪ ಸುರಿದಂತೆ ಬೆಳೆಸುತ್ತದೆ.

ನಿಜವಾದ ಅಳುವಿನ ಪ್ರಯೋಜನವೇನು ಎಂಬ ಪ್ರಶ್ನೆಗೆ ಅಳುವಿನಿಂದ ಮೈಯ ವಿಷ ಹೊರಹೋಗುತ್ತದೆಂಬ ಉತ್ತರ ಬಹಳ ಪ್ರಚಾರದಲ್ಲಿದೆ. ದುಃಖದ ಕಣ್ಣೀರಿನಲ್ಲಿ ಪ್ರೋಟೀನಿನ ಅಂಶ ಹೆಚ್ಚೆಂದು ಅಮೆರಿಕದ ವಿಲಿಯಂ ಫ್ರೇ 1981ರಲ್ಲಿ ವರದಿ ಮಾಡಿದ್ದರಿಂದ ಹುಟ್ಟಿದ ಮಾತು ಅದು. ವಿಷ ಹೊರಹೋಗುವುದಕ್ಕೆ ಆಧಾರ ದೊರೆತಿಲ್ಲ. ನೆದರ್ಲೆಂಡ್ಸಿನಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಚ್ಚು ನಂಬಿಕೆಗೆ ಅರ್ಹವೆಂದು ನಮಗೆ ತೋರುತ್ತದೆ. ಕರುಣಾಜನಕ ಚಲನಚಿತ್ರ ನೋಡಿ ಅತ್ತವರ ಮನಸ್ಸು ಅತ್ತ ತಕ್ಷಣ ಇನ್ನಷ್ಟು ಕುಗ್ಗಿತ್ತು. ಇಪ್ಪತ್ತು ನಿಮಿಷಗಳಲ್ಲಿ ಮೊದಲಿನ ಸ್ಥಿತಿಗೆ ಬಂದಿತು. ತೊಂಬತ್ತು ನಿಮಿಷಗಳ ಹೊತ್ತಿಗೆ ಚಿತ್ರ ನೋಡುವ ಮೊದಲಿಗಿಂತಲೂ ಹಗುರವಾಗಿತ್ತು. ಸಾವಿನ ಮನೆಯಲ್ಲಿ ನಮ್ಮ ಹಿರಿಯ ಹೆಣ್ಣುಮಕ್ಕಳು ‘ಅತ್ತುಬಿಡವ್ವಾ’ ಎಂದು ಬೆನ್ನು ಸವರುತ್ತ ಕೂರುವುದು ಆ ತೊಂಬತ್ತು ನಿಮಿಷಗಳನ್ನು ದಾಟಿಸುವುದಕ್ಕೇ. ಕಣ್ಣೀರಿನ ದೊಡ್ಡ ಕೆಲಸ ಅದನ್ನು ಕಂಡವರ ಮೇಲೆ ಆಗುತ್ತದೆ: ದೂರ ನಿಂತವರನ್ನು ಹತ್ತಿರ ತರುತ್ತದೆ.

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆಯನ್ನು ಈ ಕಾರಣದಿಂದಲೇ ನಾವು ಒಪ್ಪಲಾರೆವು. ಗ್ರಂಥಿ, ನರ, ನಾಳ ಗಂಡಸಿಗೂ ಅವೇ. ಬೆಳೆ ಕೈಕೊಟ್ಟು ಸಾಲ ಏರಿದ ವರ್ಷ ಮನೆಯ ಯಜಮಾನ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಒಬ್ಬನೇ ಕುಳಿತಿರುತ್ತಾನೆ. ಅವನು ಅತ್ತರೆ ನಗುವ ನಾವು, ಅಳದೆ ಕುಳಿತ ಅವನ ಬಳಿಗೂ ಹೋಗುವುದಿಲ್ಲ. ಹಾಗೆಯೇ, ಗಂಡನ ಶವದ ಮುಂದೆ ಅಳದೆ ಕೂತ ಹೆಂಗಸನ್ನು ಕುರಿತು ಮಾತಾಡುವ ಬಾಯಿಗಳೂ ಕಡಿಮೆಯಿಲ್ಲ. ಆಘಾತ ತೀವ್ರವಾದಾಗ ಕಣ್ಣೀರು ಬಾರದಿರಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಅಳು ಬತ್ತಬಹುದು. ಕಣ್ಣೀರ ಗ್ರಂಥಿಯೇ ಒಣಗುವ ಕಾಯಿಲೆಗಳೂ ಇವೆ. ಎರಡು ವಾರಗಳು ಮೀರಿಯೂ ದಿನವೂ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅಥವಾ ಅಳಲೂ ಆಗದಂತೆ ಮನಸ್ಸು ಮರಗಟ್ಟಿ ನಿದ್ರೆ ಊಟಗಳು ಬೇಡವಾಗಿದ್ದರೆ ಅದಕ್ಕೆ ಚಿಕಿತ್ಸೆಯುಂಟು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬಹುದು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಚನ್ನರಾಯಪಟ್ಟಣದ ಕಡೆಯ ಆ ಮನೆಗೆ ಹೋದ ತಿಂಗಳು ಮತ್ತೆ ಹೋಗಿದ್ದೆವು. ಹಸುವಿನ ಕಣ್ಣಿನ ಗಾಯ ಮಾಗಿದೆ. ಕಪ್ಪುಗುಡ್ಡೆಯ ಅಂಚಿನಲ್ಲಿ ರಾಗಿಕಾಳಿನಷ್ಟು ಬಿಳಿಯ ಕಲೆ ಉಳಿದಿದೆ, ದೃಷ್ಟಿಗೆ ತೊಂದರೆಯಿಲ್ಲವಂತೆ. ಹಸು ಮತ್ತೆ ಗಬ್ಬವಾಗಿದೆ. ಆ ಹಿರಿಯ ತಾಯಿ ಈಗ ಸಂಜೆ ಹಾಲು ಕರೆಯುವ ಮೊದಲು ಎಲ್ಲ ದನಗಳ ಕಣ್ಣಿಗೂ ಟಾರ್ಚು ಬಿಟ್ಟು ನೋಡುತ್ತಾರೆ. ನಮ್ಮೆದುರಿಗೂ ನೋಡಿದರು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು.